ಯುದ್ಧನೌಕೆಯ ಕೊನೇ ಐದು ಸೆಕೆಂಡಿನ ಗನ್: ನೋಡಿ ಗುರುತಿಸುವುದು, ಲೆಕ್ಕ ಹಾಕುವುದು ಹೇಗೆ

ಯುದ್ಧನೌಕೆಯ ಫೋಟೋ ನೋಡಿದ ಕೂಡಲೇ ಕಣ್ಣು ಹೋಗುವುದು ಮುಂದಿನ ದೊಡ್ಡ ಫಿರಂಗಿಯ ಕಡೆ, ಇಲ್ಲಾಂದ್ರೆ ಕ್ಷಿಪಣಿಗಳ ಕಡೆ. ಮೂಲೆಯಲ್ಲಿ ನಿಂತ ಆ ಸಣ್ಣ ಗನ್ ಯಾರಿಗೂ ಕಾಣುವುದಿಲ್ಲ. ಆದರೆ ಉಳಿದ ಎಲ್ಲ ರಕ್ಷಣೆಯನ್ನೂ ದಾಟಿ ಕ್ಷಿಪಣಿ ಒಳಗೆ ನುಗ್ಗಿ ಬಂದರೆ ಹಡಗಿನಲ್ಲಿರುವ ನೂರಾರು ಜನರ ಜೀವ ನಿಂತಿರುವುದು ಅದರ ಮೇಲೆಯೇ. ನನಗೆ ಈ ಗನ್‌ಗಳೆಂದರೆ ತುಂಬಾ ಇಷ್ಟ. ಎಷ್ಟೋ ವರ್ಷದಿಂದ ಫೋಟೋ ಹಿಗ್ಗಿಸಿ ನೋಡುತ್ತಾ, ಹಾಳೆಯ ಮೇಲೆ ಲೆಕ್ಕ ಹಾಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ಯಾವುದೇ ಹಡಗಿನ ಫೋಟೋದಲ್ಲಿ ಆ ಗನ್ ಯಾವುದು, ಎಷ್ಟು ಹೊತ್ತು ಕೆಲಸ ಮಾಡಬಲ್ಲದು, ಯಾವ ಕಡೆಗೆ ಅದಕ್ಕೆ ಕುರುಡು ಎಂದು ನೀವೇ ಹೇಳಬಹುದು.

ಇಂಗ್ಲಿಷ್‌ನಲ್ಲಿ ಇದನ್ನು ಸಿಐಡಬ್ಲ್ಯುಎಸ್ (ಕ್ಲೋಸ್-ಇನ್ ವೆಪನ್ ಸಿಸ್ಟಮ್, ಅಂದರೆ ತೀರಾ ಹತ್ತಿರ ಬಂದದ್ದನ್ನು ತಡೆಯುವ ಆಯುಧ) ಎಂದು ಬರೆದು 'ಸೀವಿಝ್' ಎಂದು ಓದುತ್ತಾರೆ. ರೇಡಾರ್, ಕಂಪ್ಯೂಟರ್, ತಾನೇ ತಾನಾಗಿ ಗುಂಡು ತುಂಬಿಕೊಂಡು ಹೊಡೆಯುವ ಗನ್, ಈ ಮೂರೂ ಸೇರಿದರೆ ಒಂದು ಸೀವಿಝ್. ಬರೀ ಗನ್ ಇದ್ದರೆ ಸಾಲದು. ಎರಡನೇ ಮಹಾಯುದ್ಧದ ಹಡಗುಗಳಲ್ಲೂ 20 ಎಂಎಂ ಓರ್ಲಿಕಾನ್, 40 ಎಂಎಂ ಬೊಫೋರ್ಸ್ ಗನ್‌ಗಳು ಸಾಲುಸಾಲಾಗಿ ಇದ್ದವು. ಅವುಗಳ ಹಿಂದೆ ಮನುಷ್ಯರು ಇದ್ದು ಹೆಚ್ಚಾಗಿ ಕಣ್ಣಳತೆಯಲ್ಲಿ ಹೊಡೆಯುತ್ತಿದ್ದರು. ವಿಮಾನಕ್ಕೆ ಅದು ನಡೆಯಿತು, ಕ್ಷಿಪಣಿಗೆ ನಡೆಯಲಿಲ್ಲ. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಸಣ್ಣ ದೋಣಿಗಳು ಹೊಡೆದ ಸೋವಿಯತ್ ಸ್ಟಿಕ್ಸ್ ಕ್ಷಿಪಣಿಗಳಿಗೆ ಇಸ್ರೇಲಿನ ಐಲಾತ್ ಎಂಬ ಡಿಸ್ಟ್ರಾಯರ್ ಮುಳುಗಿತು. ಮನುಷ್ಯನ ಕೈ ಸಾಲುವುದಿಲ್ಲ ಎಂದು ಎಲ್ಲ ನೌಕಾಪಡೆಗಳಿಗೂ ಖಚಿತವಾಯಿತು. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಅಮೆರಿಕದ ಫ್ಯಾಲಂಕ್ಸ್, ಸೋವಿಯತ್ತಿನ ಎಕೆ-630, ನೆದರ್ಲೆಂಡ್ಸಿನ ಗೋಲ್‌ಕೀಪರ್ ಬಂದವು.

ಮೊದಲು ಸೆಕೆಂಡ್ ಎಣಿಸುವುದನ್ನು ಕಲಿಯಿರಿ

ಹೊಸಬರು ಮಾಡುವ ದೊಡ್ಡ ತಪ್ಪು ಎಂದರೆ 'ನಿಮಿಷಕ್ಕೆ ಎಷ್ಟು ಗುಂಡು' ಎಂಬುದನ್ನು ಮಾತ್ರ ನೋಡುವುದು. ಈ ಗನ್‌ಗೆ ನಿಮಿಷ ಎಲ್ಲಿ ಸಿಗುತ್ತದೆ? ಅದರ ಬದುಕೆಲ್ಲ ಸೆಕೆಂಡಿನಲ್ಲೇ. ಅದಕ್ಕೇ ಯಾವ ಗನ್ ನೋಡಿದರೂ ಮೊದಲು ಕಾಲದ ಲೆಕ್ಕ ಹಾಕಿ.

ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ನೋಡೋಣ. ಕ್ಷಿಪಣಿ ನೀರಿನ ಮೇಲೆ ಐದು ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಎಕ್ಸೋಸೆಟ್ ತರಹದ ಕ್ಷಿಪಣಿಗಳ ವೇಗ ಹೆಚ್ಚುಕಡಿಮೆ ಇಷ್ಟೇ. ಹಡಗಿನ ದೊಡ್ಡ ರೇಡಾರ್ ನೀರಿನಿಂದ 20 ಮೀಟರ್ ಎತ್ತರದಲ್ಲಿದ್ದರೆ, ಭೂಮಿ ಗುಂಡಗಿರುವುದರಿಂದ, ಆ ಕ್ಷಿಪಣಿ ಕಣ್ಣಿಗೆ ಬೀಳುವುದು ಸುಮಾರು 27 ಕಿಲೋಮೀಟರ್ ದೂರದಲ್ಲಿ. ಅಲ್ಲಿಂದ ಹಡಗಿಗೆ 90 ಸೆಕೆಂಡ್. ಈ 90 ಸೆಕೆಂಡಿನಲ್ಲಿ ಹೆಚ್ಚಿನ ಪಾಲು ಹಡಗಿನ ಕ್ಷಿಪಣಿಗಳಿಗೆ, ಕ್ಷಿಪಣಿಯ ದಾರಿ ತಪ್ಪಿಸಲು ಗಾಳಿಗೆ ಎರಚುವ ಲೋಹದ ಎಳೆಗಳಾದ ಚಾಫ್‌ಗೆ, ಅದರ ರೇಡಾರನ್ನು ಗೊಂದಲ ಮಾಡುವ ಜಾಮರ್‌ಗೆ ಹೋಗುತ್ತದೆ. ಗನ್ ಪಾಲಿಗೆ ಬರುವುದು ತುದಿಯ ಚೂರು. ಫ್ಯಾಲಂಕ್ಸ್ ಪರಿಣಾಮಕಾರಿಯಾಗಿ ಹೊಡೆಯುವ ದೂರ ಸುಮಾರು ಒಂದೂವರೆ ಕಿಲೋಮೀಟರ್ ಎಂದು ಹೇಳುತ್ತಾರೆ. ಅಂದರೆ ಐದು ಸೆಕೆಂಡ್.

ಆ ಐದೂ ಸಿಗುವುದಿಲ್ಲ. ಕ್ಷಿಪಣಿಯನ್ನು ತೀರಾ ಹತ್ತಿರದಲ್ಲಿ ಒಡೆದರೆ ಅದರ ಚೂರುಗಳು, ಉಳಿದ ಇಂಧನ, ಕೆಲವು ಸಲ ಸಿಡಿಯದ ಸಿಡಿತಲೆ, ಎಲ್ಲ ಅದೇ ವೇಗದಲ್ಲಿ ಬಂದು ಹಡಗಿಗೆ ಬಡಿಯುತ್ತವೆ. 1983ರಲ್ಲಿ ಅಮೆರಿಕದ ಆಂಟ್ರಿಮ್ ಹಡಗಿನ ಅಭ್ಯಾಸದಲ್ಲಿ ಹೀಗೇ ಆಯಿತು. ಗನ್ ತನ್ನ ಗುರಿಯನ್ನು ಸರಿಯಾಗಿ ಹೊಡೆಯಿತು, ಆದರೆ ಡ್ರೋನ್‌ನ ತುಂಡುಗಳು ನೀರಿನ ಮೇಲೆ ಪುಟಿದು ಹಡಗಿಗೇ ಬಂದು ಬಿದ್ದು ಬೆಂಕಿ ಹತ್ತಿ ಒಬ್ಬರು ತೀರಿಕೊಂಡರು. ಹಾಗಾಗಿ ನಾನು ಲೆಕ್ಕ ಮಾಡುವಾಗ ಕೊನೆಯ 500 ಮೀಟರ್ ಕಳೆದುಬಿಡುತ್ತೇನೆ. ಉಳಿದದ್ದು ಒಂದು ಕಿಲೋಮೀಟರ್, ಮೂರು ಸೆಕೆಂಡಿಗಿಂತ ಒಂಚೂರು ಜಾಸ್ತಿ. ಫ್ಯಾಲಂಕ್ಸ್ ಸೆಕೆಂಡಿಗೆ 75 ಗುಂಡು ಹೊಡೆಯುತ್ತದೆ, ಆದ್ದರಿಂದ ಸುಮಾರು 250 ಗುಂಡು. ಅಷ್ಟರಲ್ಲಿ ಕೆಲಸ ಮುಗಿಯಬೇಕು. ಈಗ ಕ್ಷಿಪಣಿಯ ವೇಗವನ್ನು ಸೆಕೆಂಡಿಗೆ 800 ಮೀಟರಿಗೆ ಏರಿಸಿ ಇದೇ ಲೆಕ್ಕ ಮಾಡಿ. ಸಿಗುವುದು ಒಂದೂಕಾಲು ಸೆಕೆಂಡ್, ನೂರಕ್ಕಿಂತ ಕಡಿಮೆ ಗುಂಡು. ಶಬ್ದಕ್ಕಿಂತ ವೇಗದ ಕ್ಷಿಪಣಿಗಳೆಂದರೆ ನೌಕಾಪಡೆಗಳಿಗೆ ಯಾಕೆ ಅಷ್ಟು ಚಿಂತೆ ಎಂದು ಈ ಒಂದು ಭಾಗಾಕಾರದಲ್ಲೇ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಮಾತು. ಗುಂಡಿಗೂ ಗುರಿ ಮುಟ್ಟಲು ಹೊತ್ತು ಬೇಕು. ನಳಿಗೆಯಿಂದ ಸೆಕೆಂಡಿಗೆ 1100 ಮೀಟರ್ ವೇಗದಲ್ಲಿ ಹೊರಟರೂ ಗಾಳಿಯಲ್ಲಿ ನಿಧಾನವಾಗುತ್ತಾ ಒಂದೂವರೆ ಕಿಲೋಮೀಟರ್ ಮುಟ್ಟುವಾಗ ಹತ್ತಿರಹತ್ತಿರ ಎರಡು ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಕ್ಷಿಪಣಿ 600 ಮೀಟರ್ ಮುಂದೆ ಬಂದಿರುತ್ತದೆ. ಅಂದರೆ ಒಂದೂವರೆ ಕಿಲೋಮೀಟರಿನಲ್ಲಿ ಗುಂಡು ತಾಗಬೇಕಾದರೆ ಕ್ಷಿಪಣಿ 2100 ಮೀಟರ್ ದೂರ ಇದ್ದಾಗಲೇ ಟ್ರಿಗರ್ ಎಳೆಯಬೇಕು, ಅದೂ ಅದು ಇರುವ ಜಾಗಕ್ಕಲ್ಲ, ಇನ್ನೆರಡು ಸೆಕೆಂಡಿಗೆ ಇರುವ ಜಾಗಕ್ಕೆ. ಎದುರಿನಿಂದ ನೋಡಿದರೆ ಎಕ್ಸೋಸೆಟ್‌ನ ಅಗಲ 35 ಸೆಂಟಿಮೀಟರ್, ಒಂದು ಊಟದ ತಟ್ಟೆಯಷ್ಟು. ಒಂದು ಕಿಲೋಮೀಟರ್ ಆಚೆ ಕುಣಿಯುತ್ತಾ ಬರುವ ತಟ್ಟೆಗೆ ಹೊಡೆಯಬೇಕು. ಈ ಚಿತ್ರ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಫೋಟೋದಲ್ಲಿ ಏನನ್ನು ಹುಡುಕಬೇಕು

ಮೊದಲು ಬಿಳಿ ಗುಮ್ಮಟ ಹುಡುಕಿ. ಆದರೆ ಹುಷಾರು, ಹಡಗಿನ ಮೇಲೆ ಉಪಗ್ರಹ ಸಂಪರ್ಕದ ಬಿಳಿ ಚೆಂಡುಗಳೂ ಇರುತ್ತವೆ. ಅವು ಬಹುತೇಕ ಉರುಟು, ಕೆಳಗೆ ಬರೀ ಕಂಬ. ಫ್ಯಾಲಂಕ್ಸ್‌ನ ಗುಮ್ಮಟ ಉದ್ದ, ಮೇಲೆ ದುಂಡಗಿನ ತಲೆಯ ಪೀಪಾಯಿಯಂತೆ. ಅದರ ಕೆಳಗೆ ಬೂದು ಬಣ್ಣದ ಚೌಕಟ್ಟು, ನಡುವೆ ಮುಂದಕ್ಕೆ ಚಾಚಿದ ನಳಿಗೆಗಳ ಕಟ್ಟು, ನಳಿಗೆಯ ಕೆಳಗೆ ಅಡ್ಡ ಮಲಗಿದ ಡ್ರಮ್ಮು. ಆ ಡ್ರಮ್ಮಿನಲ್ಲೇ ಗುಂಡುಗಳು.

ಗುಮ್ಮಟದೊಳಗೆ ಎರಡು ಆಂಟೆನಾ ಇವೆ, ಮೇಲಿನದು ಹುಡುಕುವುದಕ್ಕೆ, ಕೆಳಗಿನದು ಹಿಂಬಾಲಿಸುವುದಕ್ಕೆ. ನನಗೆ ತುಂಬಾ ಇಷ್ಟವಾದ ಸಂಗತಿ ಇಲ್ಲಿದೆ. ಆ ರೇಡಾರ್ ಬರೀ ಕ್ಷಿಪಣಿಯನ್ನು ನೋಡುವುದಿಲ್ಲ, ತಾನೇ ಹೊಡೆದ ಗುಂಡುಗಳನ್ನೂ ನೋಡುತ್ತದೆ. ಗುಂಡಿನ ಸಾಲು ಕ್ಷಿಪಣಿಯಿಂದ ಎಡಕ್ಕೆ ಹೋಗುತ್ತಿದ್ದರೆ ಅಷ್ಟನ್ನು ಅಳೆದು ನಳಿಗೆಯನ್ನು ಬಲಕ್ಕೆ ಸರಿಸುತ್ತದೆ. ತೋಟಕ್ಕೆ ಪೈಪಿನಲ್ಲಿ ನೀರು ಬಿಡುವಾಗ ನಾವು ನೀರಿನ ಧಾರೆ ಎಲ್ಲಿ ಬೀಳುತ್ತಿದೆ ಎಂದು ನೋಡಿ ಕೈ ಆಡಿಸುತ್ತೇವಲ್ಲ, ಹಾಗೆಯೇ. ಬಿಟ್ಟ ಗುಂಡಿನಿಂದಲೇ ಮುಂದಿನ ಗುಂಡಿಗೆ ಪಾಠ. ರೇಡಾರ್, ಗನ್, ಕಂಪ್ಯೂಟರ್ ಎಲ್ಲ ಒಂದೇ ಪೀಠದ ಮೇಲಿರುವುದರಿಂದ ಹಡಗಿನ ಡೆಕ್ಕಿನಲ್ಲಿ ದೊಡ್ಡ ತೂತು ಕೊರೆಯಬೇಕಾಗಿಲ್ಲ. ಬೋಲ್ಟ್ ಹಾಕಿ ಕರೆಂಟು, ತಂಪು ಮಾಡುವ ನೀರು ಕೊಟ್ಟರೆ ಸಾಕು. ಫ್ಯಾಲಂಕ್ಸ್ ಇಷ್ಟೊಂದು ದೇಶಗಳ ಹಡಗುಗಳಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನೂ ಹತ್ತಿರದಿಂದ ನೋಡಿ. ಗುಮ್ಮಟದ ಪಕ್ಕದಲ್ಲಿ ಕ್ಯಾಮೆರಾದ ಡಬ್ಬಿ ಅಂಟಿಕೊಂಡಿದ್ದರೆ, ನಳಿಗೆಗಳು ಉದ್ದವಾಗಿದ್ದು ಸುತ್ತ ಆಸರೆಯ ಚೌಕಟ್ಟು ಇದ್ದರೆ ಅದು ಬ್ಲಾಕ್ 1ಬಿ ಎಂಬ ಹೊಸ ಮಾದರಿ. ಶಾಖವನ್ನು ನೋಡುವ ಆ ಕ್ಯಾಮೆರಾ ಬಂದ ಮೇಲೆ ಸಣ್ಣ ದೋಣಿಗಳನ್ನೂ ನಿಧಾನವಾಗಿ ಹಾರುವ ವಿಮಾನಗಳನ್ನೂ ಹೊಡೆಯುವುದು ಸಾಧ್ಯವಾಯಿತು. ಮೊದಲಿನವಕ್ಕೆ ಡಬ್ಬಿ ಇಲ್ಲ, ನಳಿಗೆ ಗಿಡ್ಡ. ಇನ್ನು ಅದೇ ಬಿಳಿ ಗುಮ್ಮಟ ಇದ್ದು ಕೆಳಗೆ ನಳಿಗೆಯ ಬದಲು 11 ತೂತಿನ ಪೆಟ್ಟಿಗೆ ಕಂಡರೆ ಅದು ಗನ್ನೇ ಅಲ್ಲ, ಸೀರ್ಯಾಮ್. ಫ್ಯಾಲಂಕ್ಸ್‌ನ ಮೈ, ಕ್ಷಿಪಣಿಯ ಕೈ. ದೂರದ ಫೋಟೋದಲ್ಲಿ ಇದಕ್ಕೆ ಎಷ್ಟೋ ಜನ ಮೋಸ ಹೋಗುತ್ತಾರೆ.

ಗುಮ್ಮಟ ಇಲ್ಲ, ಆದರೆ ದೊಡ್ಡ ಮೈಯ ಗನ್, ನೆತ್ತಿಯ ಮೇಲೆ ತಿರುಗುವ ಅಡ್ಡಪಟ್ಟಿಯಂಥ ಆಂಟೆನಾ, ಮುಂದೆ ದುಂಡು ತಟ್ಟೆಯ ರೇಡಾರ್, ಏಳು ನಳಿಗೆ. ಇದು ಗೋಲ್‌ಕೀಪರ್. ಇದರಲ್ಲಿರುವ 30 ಎಂಎಂ ಜಿಎಯು-8 ಗನ್ ಎ-10 ಯುದ್ಧವಿಮಾನದ ಮೂತಿಯಲ್ಲಿರುವ ಅದೇ ಗನ್. ಇದಕ್ಕೆ ಡೆಕ್ಕಿನ ಕೆಳಗೂ ಜಾಗ ಬೇಕು, ಹಾಗಾಗಿ ಎಲ್ಲೆಂದರಲ್ಲಿ ಕೂರಿಸಲಾಗುವುದಿಲ್ಲ. ಚೀನಾದ ಟೈಪ್ 730 ದೂರದಿಂದ ಇದರ ಹಾಗೇ ಕಾಣುತ್ತದೆ, ಅದಕ್ಕೂ ಏಳೇ ನಳಿಗೆ. ಅದರ ತಮ್ಮ ಟೈಪ್ 1130ಕ್ಕೆ ಹನ್ನೊಂದು. ಇವೆರಡರಲ್ಲಿ ಯಾವುದೆಂದು ಗೊಂದಲವಾದರೆ ನಳಿಗೆ ಎಣಿಸಿ.

ಎಕೆ-630 ಬೇರೆಯೇ ಜಾತಿ. ಕವುಚಿ ಇಟ್ಟ ಪಾತ್ರೆಯಂಥ ಗಿಡ್ಡ ಗೋಪುರ, ಅದರಿಂದ ಹೊರಬಂದ ಒಂದೇ ಒಂದು ದಪ್ಪ ಕೊಳವೆ. ಒಂದೇ ನಳಿಗೆ ಎಂದು ಅನ್ನಿಸುತ್ತದೆ, ಆದರೆ ಆ ಕೊಳವೆಯೊಳಗೆ ಆರು ನಳಿಗೆ ಇವೆ. ನೀರಿನಿಂದ ತಂಪು ಮಾಡಲು ಎಲ್ಲವನ್ನೂ ಸೇರಿಸಿ ಕವಚ ಹಾಕಿದ್ದಾರೆ. ರೇಡಾರ್ ಗೋಪುರದ ಮೇಲಿಲ್ಲ, ಸ್ವಲ್ಪ ದೂರದಲ್ಲಿ ಎತ್ತರದ ಮೇಲೆ ಬೇರೆಯಾಗಿ ಕೂತಿರುತ್ತದೆ. ಒಂದೇ ರೇಡಾರ್ ಎರಡು ಗನ್ ನಡೆಸುವುದೂ ಉಂಟು. ಹಾಗಾಗಿ ಎಕೆ-630 ಕಂಡರೆ ಅಲ್ಲಿಗೇ ನಿಲ್ಲಬೇಡಿ, ಅದರ ಕಣ್ಣು ಎಲ್ಲಿದೆ ಎಂದು ಹುಡುಕಿ. ಗನ್ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇದ್ದಾಗ ಎರಡರ ನಡುವಿನ ಅಂತರವನ್ನೂ ಹಡಗಿನ ಮೈ ಬಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನನ್ನ ಪ್ರಕಾರ ಈ ವಿನ್ಯಾಸದ ಸೋಲು ಇದೇ. ಗೆಲುವು ಏನೆಂದರೆ ಗನ್ ಹಗುರ, ಸಣ್ಣ ದೋಣಿಯಲ್ಲೂ ಕೂರುತ್ತದೆ. ಗುಂಡು ಸಿಡಿದಾಗ ಬರುವ ಅನಿಲದಿಂದಲೇ ನಳಿಗೆಗಳು ತಿರುಗುವುದರಿಂದ ತಿರುಗಿಸಲು ದೊಡ್ಡ ಮೋಟರ್ ಬೇಡ. ಎರಡೂ ಬದಿಗೆ ಗನ್, ನೆತ್ತಿಯ ಮೇಲೆ ಎಂಟು ಕ್ಷಿಪಣಿ ಕೊಳವೆ ಇರುವ ದೈತ್ಯ ಕಂಡರೆ ಅದು ಕಶ್ತಾನ್. ಅದರಲ್ಲೂ ಇದೇ ಜಾತಿಯ ಆರು ನಳಿಗೆಯ ಗನ್‌ಗಳು, ಎರಡು.

ಇನ್ನು ನಿಜವಾಗಿಯೂ ಒಂದೇ ನಳಿಗೆ ಇರುವವು. 35 ಎಂಎಂ ಮಿಲೇನಿಯಂ ಗನ್‌ನ ಮೈ ಮೂಲೆಮೂಲೆಯಾಗಿ ಕತ್ತರಿಸಿದಂತೆ ಇರುತ್ತದೆ. ಗುರುತು ಹಿಡಿಯಲು ನಳಿಗೆಯ ತುದಿ ನೋಡಿ, ಅಲ್ಲಿ ದಪ್ಪ ಉಂಗುರಗಳಂಥ ಭಾಗ ಇರುತ್ತದೆ. ಗುಂಡು ಹೊರಗೆ ಹೋಗುವಾಗ ಆ ಸುರುಳಿಗಳು ಅದರ ವೇಗ ಅಳೆದು, ಎಷ್ಟು ಹೊತ್ತಿಗೆ ಸಿಡಿಯಬೇಕು ಎಂದು ಆ ಕ್ಷಣದಲ್ಲೇ ಗುಂಡಿಗೆ ಹೇಳಿ ಕಳಿಸುತ್ತವೆ. ಪ್ರತಿ ಗುಂಡಿಗೂ ಬೇರೆ ಬೇರೆ. ನಾನು ಇದನ್ನು ಮೊದಲ ಸಲ ಓದಿದಾಗ ನಂಬಲೇ ಇಲ್ಲ, ಸೆಕೆಂಡಿಗೆ ಸಾವಿರ ಮೀಟರಿಗಿಂತ ವೇಗವಾಗಿ ಹೋಗುವ ಲೋಹದ ತುಂಡಿಗೆ ದಾರಿಯಲ್ಲಿ ಮಾತು ಹೇಳುವುದೆಂದರೆ ಸಣ್ಣ ಕೆಲಸವೇ!

ಅಂಕಿಗಳನ್ನು ಒರೆಗೆ ಹಚ್ಚುವುದು

ಗನ್ ಯಾವುದೆಂದು ಗೊತ್ತಾದ ಮೇಲೆ ಎರಡು ಅಂಕಿ ಹುಡುಕಿ: ನಿಮಿಷಕ್ಕೆ ಎಷ್ಟು ಗುಂಡು, ಒಟ್ಟು ಎಷ್ಟು ಗುಂಡು ತುಂಬಿದೆ. ಮೊದಲನೆಯದನ್ನು 60ರಿಂದ ಭಾಗಿಸಿ, ಎರಡನೆಯದನ್ನು ಆ ಉತ್ತರದಿಂದ ಭಾಗಿಸಿ. ಫ್ಯಾಲಂಕ್ಸ್ 4500 ಮತ್ತು 1550, ಸುಮಾರು 20 ಸೆಕೆಂಡ್. ಗೋಲ್‌ಕೀಪರ್ 4200 ಮತ್ತು 1190, 17 ಸೆಕೆಂಡ್. ಎಕೆ-630 ಸುಮಾರು 5000 ಮತ್ತು 2000, 24 ಸೆಕೆಂಡ್. ಮಿಲೇನಿಯಂ 1000 ಮತ್ತು 252, 15 ಸೆಕೆಂಡ್. ಇಷ್ಟೇ! ಡ್ರಮ್ಮು ಖಾಲಿಯಾದ ಮೇಲೆ ಮತ್ತೆ ತುಂಬಲು ನಿಮಿಷಗಟ್ಟಲೆ ಬೇಕು, ಜನ ಡೆಕ್ಕಿಗೆ ಬಂದು ನಿಲ್ಲಬೇಕು. ಒಂದು ಗುರಿಗೆ ಮೂರು ನಾಲ್ಕು ಸೆಕೆಂಡ್ ಹೊಡೆದರೆ ಐದಾರು ಗುರಿಗೆ ಡ್ರಮ್ಮು ಬರಿದು. ಅಗ್ಗದ ಡ್ರೋನ್‌ಗಳು ಗುಂಪಾಗಿ ಬರುವ ಈ ಕಾಲದಲ್ಲಿ ನಾನು ಮೊದಲು ನೋಡುವುದು ಈ ಅಂಕಿಯನ್ನೇ.

ಆಮೇಲೆ ಗುಂಡಿನ ತೂಕ. 20 ಎಂಎಂ ಮತ್ತು 30 ಎಂಎಂ ನಡುವೆ ಹತ್ತೇ ಮಿಲಿಮೀಟರ್ ವ್ಯತ್ಯಾಸ ಅಂದುಕೊಳ್ಳಬೇಡಿ. ಸಾಮಾನ್ಯ 20 ಎಂಎಂ ಗುಂಡಿನ ತೂಕ ಸುಮಾರು 100 ಗ್ರಾಂ, 30 ಎಂಎಂನದು 400 ಗ್ರಾಂ ಹತ್ತಿರ. ನಾಲ್ಕು ಪಟ್ಟು. ಫ್ಯಾಲಂಕ್ಸ್ ಈ ಕೊರತೆಯನ್ನು ತುಂಬಿಕೊಳ್ಳುವುದು ಗಟ್ಟಿ ಲೋಹದಿಂದ. ಮೊದಲು ಡಿಪ್ಲೀಟೆಡ್ ಯುರೇನಿಯಂ, ಆಮೇಲೆ ಟಂಗ್‌ಸ್ಟನ್, ಸಿಡಿತಲೆಯನ್ನೇ ಚುಚ್ಚುವ ಹಾಗೆ.

ಮಿಲೇನಿಯಂ ನಿಮಿಷಕ್ಕೆ ಸಾವಿರವೇ, ಹಾಗಾದರೆ ದುರ್ಬಲವಾ ಎಂದು ಕೇಳುತ್ತಾರೆ. ಅದರ 'ಅಹೆಡ್' ಎಂಬ ಹೆಸರಿನ ಒಂದೊಂದು ಗುಂಡಿನಲ್ಲಿ 3.3 ಗ್ರಾಂ ತೂಕದ 152 ಟಂಗ್‌ಸ್ಟನ್ ತುಣುಕುಗಳಿವೆ. ಗುರಿಯ ಸ್ವಲ್ಪ ಮುಂದೆ ಗುಂಡು ಬಿಚ್ಚಿಕೊಂಡು ಅವನ್ನೆಲ್ಲ ಎರಚುತ್ತದೆ. ಒಂದೂವರೆ ಸೆಕೆಂಡಿನಲ್ಲಿ 25 ಗುಂಡು, ಅಂದರೆ 3800 ತುಣುಕು. ತಟ್ಟೆಗೆ ಕಲ್ಲು ಹೊಡೆಯುವುದು ಒಂದು ದಾರಿ, ತಟ್ಟೆಯ ದಾರಿಗೆ ಮುಳ್ಳಿನ ಬಲೆ ಬೀಸುವುದು ಇನ್ನೊಂದು. ಮುಂದಿನ ದಿನಗಳು ಎರಡನೆಯದಕ್ಕೇ ಸೇರಿದವು ಎಂದು ನನ್ನ ನಂಬಿಕೆ.

'ಗರಿಷ್ಠ ದೂರ' ಎಂದು ಬರೆದದ್ದನ್ನು ಸುಮ್ನೆ ಬಿಟ್ಟುಬಿಡಿ. ಗುಂಡು ಎಲ್ಲಿವರೆಗೆ ಹಾರುತ್ತದೆ ಎಂಬುದಕ್ಕೂ ಎಲ್ಲಿವರೆಗೆ ತಾಗುತ್ತದೆ ಎಂಬುದಕ್ಕೂ ಸಂಬಂಧವೇ ಕಡಿಮೆ.

ಗನ್ ಎಲ್ಲಿ ಕೂತಿದೆ, ಯಾರ ಮಾತು ಕೇಳುತ್ತದೆ

ಹಡಗಿನ ಮೇಲಿನಿಂದ ತೆಗೆದ ಫೋಟೋ ಸಿಕ್ಕರೆ ಗನ್ ಇರುವ ಜಾಗದಿಂದ ನಾಲ್ಕೂ ದಿಕ್ಕಿಗೆ ಗೆರೆ ಎಳೆದು ನೋಡಿ. ಹೊಗೆಗೊಳವೆ, ಕಂಬ, ಹ್ಯಾಂಗರ್ ಯಾವ ಗೆರೆಗೆ ಅಡ್ಡ ಬರುತ್ತದೋ ಆ ಕಡೆ ಗನ್ ಕುರುಡು. ಅಮೆರಿಕದ ಆರ್ಲೀ ಬರ್ಕ್ ದರ್ಜೆಯ ಮೊದಲ ಹಡಗುಗಳಲ್ಲಿ ಮುಂದೊಂದು ಹಿಂದೊಂದು ಫ್ಯಾಲಂಕ್ಸ್ ಇದ್ದವು, ನಂತರ ಕಟ್ಟಿದ ಹಲವದರಲ್ಲಿ ಹಿಂದೆ ಒಂದೇ. ಅಂಥ ಹಡಗಿನ ಮೂತಿಯ ನೇರಕ್ಕೆ ಗೆರೆ ಎಳೆದರೆ ಉತ್ತರ ಕಣ್ಣೆದುರೇ ಇರುತ್ತದೆ.

ಜಾಗ ಸರಿ ಇದ್ದರೂ ಸಾಲದು. 1987ರ ಮೇ 17ರಂದು ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಟಾರ್ಕ್ ಹಡಗಿಗೆ ಇರಾಕಿ ವಿಮಾನದ ಎರಡು ಎಕ್ಸೋಸೆಟ್ ಬಡಿದು 37 ನಾವಿಕರು ಸತ್ತರು. ಹಡಗಿನಲ್ಲಿ ಫ್ಯಾಲಂಕ್ಸ್ ಇತ್ತು. ಸ್ಟ್ಯಾಂಡ್‌ಬೈನಲ್ಲಿತ್ತು, ಅಂದರೆ ತಾನಾಗಿ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ, ಒಂದು ಗುಂಡೂ ಹೊಡೆಯಲಿಲ್ಲ. ಹಾಗಾದರೆ ಯಾವಾಗಲೂ ತಾನೇ ಹೊಡೆಯುವ ಹಾಗೆ ಬಿಡಬಹುದಲ್ಲ ಎಂದರೆ ಅದಕ್ಕೂ ಕಥೆ ಇದೆ. 1991ರ ಫೆಬ್ರವರಿಯಲ್ಲಿ ಜಾರೆಟ್ ಹಡಗಿನ ಫ್ಯಾಲಂಕ್ಸ್, ಪಕ್ಕದಲ್ಲಿದ್ದ ಮಿಸೌರಿ ಹಡಗು ಹಾರಿಸಿದ ಚಾಫ್ ಅನ್ನೇ ಗುರಿ ಎಂದು ತಿಳಿದು ಹೊಡೆಯಿತು, ನಾಲ್ಕು ಗುಂಡು ಮಿಸೌರಿಗೇ ತಾಗಿದವು. 1996ರ ಜೂನ್ 4ರಂದು ಅಭ್ಯಾಸದ ವೇಳೆ ಜಪಾನಿನ ಯುಗಿರಿ ಹಡಗಿನ ಗನ್, ಎಳೆದು ತರುತ್ತಿದ್ದ ಗುರಿಯನ್ನು ಬಿಟ್ಟು ಎಳೆಯುತ್ತಿದ್ದ ಅಮೆರಿಕದ ಎ-6 ವಿಮಾನವನ್ನೇ ಹೊಡೆದು ಬೀಳಿಸಿತು. ಅದೃಷ್ಟಕ್ಕೆ ಇಬ್ಬರೂ ಹಾರಿ ಪಾರಾದರು. ಆದ್ದರಿಂದ ಯಾರಾದರೂ 'ಈ ಹಡಗಿನಲ್ಲಿ ಸೀವಿಝ್ ಇದೆ, ಚಿಂತೆ ಇಲ್ಲ' ಎಂದರೆ ಆ ಹೊತ್ತಿಗೆ ಅದು ಯಾವ ಸ್ಥಿತಿಯಲ್ಲಿತ್ತು ಎಂದು ಕೇಳಿ. ಸರಿಯಾಗಿ ಕೆಲಸ ಮಾಡಿದ್ದೂ ಇದೆ. 2024ರ ಜನವರಿ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಗ್ರೇವ್ಲಿ ಹಡಗಿನ ಫ್ಯಾಲಂಕ್ಸ್, ಯೆಮೆನ್ನಿನ ಹೂಥಿ ಬಂಡುಕೋರರ ಕ್ರೂಸ್ ಕ್ಷಿಪಣಿಯನ್ನು ಸುಮಾರು ಒಂದು ಮೈಲಿ ದೂರದಲ್ಲಿ ಕೆಡವಿತು. ಅಷ್ಟು ಹತ್ತಿರ. ಮೇಲಿನ ಐದು ಸೆಕೆಂಡಿನ ಲೆಕ್ಕ ಮತ್ತೆ ನೆನಪಿಸಿಕೊಳ್ಳಿ.

ವಿಡಿಯೋ ನೋಡುವಾಗ

ಕಿವಿಯಿಂದ ಶುರು ಮಾಡಿ. ಡಬ್, ಡಬ್, ಡಬ್ ಎಂದು ಎಣಿಸಲು ಬಂದರೆ ಅದು 25 ಅಥವಾ 30 ಎಂಎಂ ಬುಶ್‌ಮಾಸ್ಟರ್ ತರಹದ ಗನ್, ಮುಖ್ಯವಾಗಿ ದೋಣಿಗಳಿಗೆ ಹೊಡೆಯಲು ಇಟ್ಟದ್ದು. ಇವನ್ನು ಸೀವಿಝ್ ಎಂದು ಬರೆದಿದ್ದರೆ ನಂಬಬೇಡಿ. ಬಟ್ಟೆ ಹರಿದಂತೆ ಒಂದೇ ಎಳೆತ ಕೇಳಿಸಿದರೆ ಗ್ಯಾಟ್ಲಿಂಗ್, ಅಂದರೆ ಹಲವು ನಳಿಗೆಗಳು ತಿರುಗುತ್ತಾ ಹೊಡೆಯುವ ಗನ್. ಸೆಕೆಂಡಿಗೆ 75 ಏಟು ಕಿವಿಗೆ ಬೇರೆಬೇರೆಯಾಗಿ ಕೇಳುವುದಿಲ್ಲ, ಒಂದು ಗುಂಯ್ ಸ್ವರವಾಗಿಬಿಡುತ್ತದೆ.

ಸಮುದ್ರದಲ್ಲಿ ಏನೂ ಇಲ್ಲದ ಕಡೆಗೆ ಗನ್ ಚಿಕ್ಕದಾಗಿ ಎರಡು ಮೂರು ಸಲ ಗುರ್ ಎಂದು ನಿಂತರೆ ಅದು ಯುದ್ಧವಲ್ಲ. ಯಂತ್ರ ಸರಿಯಾಗಿ ಗುರಿ ಹಿಡಿಯುತ್ತಿದೆಯಾ ಎಂದು ನೋಡಲು ನಾವಿಕರು ಆಗಾಗ ಹೀಗೆ ಹೊಡೆಯುತ್ತಾರೆ, ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ವಿಡಿಯೋಗಳು ಇಂಥವೇ. ರಾತ್ರಿಯ ಆಕಾಶದಲ್ಲಿ ಕೆಂಪು ಗುಂಡುಗಳ ಸಾಲು ಬಾಗುತ್ತಾ ಹೋಗಿ ತುದಿಯಲ್ಲಿ ಒಂದೊಂದಾಗಿ ಮಿಂಚಿ ಸಿಡಿಯುವ ಚಂದದ ವಿಡಿಯೋ ಇದೆಯಲ್ಲ, ಅದು ಹಡಗಿನದ್ದಲ್ಲ. ನೆಲದ ಮೇಲೆ ಟ್ರೇಲರಿನಲ್ಲಿ ನಿಂತ ಫ್ಯಾಲಂಕ್ಸ್. ಕೆಳಗೆ ಊರು ಇರುವುದರಿಂದ ಗುಂಡು ಹಾಗೇ ಬೀಳಬಾರದೆಂದು ಗಾಳಿಯಲ್ಲೇ ತಾನಾಗಿ ಸಿಡಿಯುವ ಗುಂಡು ಅದರಲ್ಲಿ ಹಾಕುತ್ತಾರೆ. ಹಡಗಿನ ಟಂಗ್‌ಸ್ಟನ್ ಗುಂಡು ಹಾಗೆ ಸಿಡಿಯುವುದಿಲ್ಲ, ಸುಮ್ಮನೆ ಹೋಗಿ ನೀರಿಗೆ ಬೀಳುತ್ತದೆ.